ಗಾಯ ಮಾಯ್ದಿತ್ತಲ್ಲಮ್ಮಾ

ಪುಟ್ಟಾ, ನಿನ್ನೆ ಸಂಜೆ ಪಿಜಿ ಮುಂದಿನ ನಾಯಿಮರಿಗೆ ಬಿಸ್ಕತ್ತು ಹಾಕುವಾಗ ಹಲ್ಲು ತಾಗಿ ಒಂದು ತೊಟ್ಟು ರಕ್ತ ಬಂತು, ‘ಏನೂ ಆಗಲ್ಲ ಬಿಡಜ್ಜಿ’ ಅಂದೆ. ಆಗಿನಿಂದ ನನಗೆ ನಿದ್ದೆ ಹತ್ತಿಲ್ಲ.

ಮೊದಲು ಎದ್ದು ನಲ್ಲಿ ಬಿಡು. ಸೋಪು ಹಚ್ಚಿ, ಹರಿಯುವ ನೀರಿನಲ್ಲಿ 15 ನಿಮಿಷ ತೊಳೆ. ನಿನ್ನೆಯದಾದರೂ ತೊಳೆ. ಸುಣ್ಣ, ಅರಿಶಿನ, ಕಾಫಿಪುಡಿ ಯಾವುದೂ ಬೇಡ. ತೊಳೆದವನೇ ಆಸ್ಪತ್ರೆಗೆ ಹೊರಡು.

ನಾನು ತಾಲ್ಲೂಕು ಆಸ್ಪತ್ರೆಯಲ್ಲಿ ನರ್ಸಾಗಿದ್ದಾಗ ಹನ್ನೊಂದು ವರ್ಷದ ಹುಡುಗನೊಬ್ಬನನ್ನು ಅವನಪ್ಪ ಹೆಗಲ ಮೇಲೆ ಹೊತ್ತು ತಂದಿದ್ದ. ನೀರು ನೀರು ಅನ್ನುತ್ತಿತ್ತು ಮಗು. ಲೋಟ ಕೈಗೆ ಕೊಟ್ಟೆ. ತುಟಿಯ ಹತ್ತಿರ ತಂದದ್ದಷ್ಟೇ, ಗಂಟಲು ಹಿಂಡಿದಂತಾಗಿ ಇಡೀ ಮೈ ಸೆಟೆಯಿತು, ಲೋಟ ಉರುಳಿತು. ಫ್ಯಾನಿನ ಗಾಳಿ ಮುಖಕ್ಕೆ ತಾಗಿದರೂ ಬೆಚ್ಚುತ್ತಿದ್ದ. ಮೀನಖಂಡದ ಮೇಲೆ ಅವರೆಕಾಳಿನಷ್ಟು ಬಿಳಿ ಕಲೆ. ಎರಡು ತಿಂಗಳ ಹಿಂದೆ ಮರಿ ಕಚ್ಚಿತ್ತಂತೆ, ಸುಣ್ಣ ಬೆಲ್ಲ ಹಚ್ಚಿದ್ದರಂತೆ. ‘ಗಾಯ ಮಾಯ್ದಿತ್ತಲ್ಲಮ್ಮಾ’ ಅಂತ ಆ ಅಪ್ಪ ನನ್ನನ್ನೇ ಕೇಳುತ್ತಿದ್ದ. ಹುಡುಗ ಉಳಿಯಲಿಲ್ಲ.

ಗಾಯ ಮಾಯುವುದಕ್ಕೂ ನಂಜು ಇಳಿಯುವುದಕ್ಕೂ ಸಂಬಂಧವಿಲ್ಲ ಕಣೋ. ರೇಬೀಸ್ ವೈರಸ್ಸು ನರ ಹಿಡಿದು ಮೆಲ್ಲಗೆ ಮೆದುಳಿನ ಕಡೆಗೆ ಹೋಗುತ್ತದೆ. ಕೆಲವರಲ್ಲಿ ವಾರಗಳು, ಹೆಚ್ಚಿನವರಲ್ಲಿ ಒಂದರಿಂದ ಮೂರು ತಿಂಗಳು. ರೋಗದ ಲಕ್ಷಣ ಕಾಣಿಸಿದ ಮೇಲೆ ಬದುಕಿಸುವ ಮದ್ದು ಇವತ್ತಿಗೂ ಇಲ್ಲ. ವೈರಸ್ಸು ಮೆದುಳು ಮುಟ್ಟುವುದರೊಳಗೆ ಲಸಿಕೆ ಮೈಯನ್ನು ಸಜ್ಜು ಮಾಡಬೇಕು. ಅದಕ್ಕೂ ಒಂದೆರಡು ವಾರ ಹಿಡಿಯುತ್ತದೆ. ಆ ನಡುವಿನ ದಿನಗಳಿಗೆಂದೇ ರಕ್ತ ಬಂದ ಗಾಯದ ಒಳಗೂ ಸುತ್ತಲೂ ಇಮ್ಯುನೊಗ್ಲಾಬ್ಯುಲಿನ್ ಚುಚ್ಚುತ್ತಾರೆ. ನಿನಗೂ ಅದು ಬೇಕು. ಡಾಕ್ಟರು ಮರೆತರೆ ನೀನೇ ಬಾಯಿಬಿಟ್ಟು ಕೇಳು. ಟಿಟಿ ಒಂದನ್ನೇ ಹಾಕಿಸಿಕೊಂಡು ಬಂದುಬಿಡಬೇಡ.

ಸೂಜಿಗೆ ಹೆದರುವ ಕಾಲ ಹೋಯಿತು. ನಿಮ್ಮ ತಾತನಿಗೆ ಹೊಕ್ಕುಳ ಸುತ್ತ 14 ಚುಚ್ಚಿದ್ದರು, ಕುರಿಯ ಮೆದುಳಿನಿಂದ ಮಾಡುತ್ತಿದ್ದ ಹಳೆಯ ಲಸಿಕೆ. ಈಗ ತೋಳಿಗೆ. ಸರ್ಕಾರಿ ಆಸ್ಪತ್ರೆಗಳಲ್ಲಿ ಸಾಮಾನ್ಯವಾಗಿ ಚರ್ಮದ ಪದರದೊಳಗೆ ಕೊಡುತ್ತಾರೆ: ಮೊದಲ ದಿನ, ಆಮೇಲೆ 3, 7, 28ನೇ ದಿನ. ಸ್ನಾಯುವಿಗೆ ಕೊಟ್ಟರೆ 14ನೇ ದಿನದ್ದೂ ಸೇರಿ ಐದು. ಎರಡು ಮುಗಿಯುವಷ್ಟರಲ್ಲಿ ನೋವು ಮರೆತು ಬಿಟ್ಟುಬಿಡುವ ಎಷ್ಟು ಜನರನ್ನು ನೋಡಿದ್ದೇನೆ!

ಆ ಮರಿಗೆ ಯಾರೂ ಕಲ್ಲು ಹೊಡೆಯದ ಹಾಗೆ ನೋಡಿಕೋ. 10 ದಿನ ಅದರ ಮೇಲೆ ಕಣ್ಣಿರಲಿ, ಮಂಕಾದರೆ, ಸತ್ತರೆ ಡಾಕ್ಟರಿಗೆ ಹೇಳು. ಆದರೆ ಅದಕ್ಕೇನಾಗುತ್ತದೋ ನೋಡೋಣ ಅಂತ ಲಸಿಕೆ ತಡ ಮಾಡಬೇಡ.

28ನೇ ದಿನದ ಹೊತ್ತಿಗೆ ನೀನು ಹಬ್ಬಕ್ಕೆ ಊರಲ್ಲಿರುತ್ತೀ. ಚೀಟಿ ಮರೆಯದೆ ತಾ, ನಮ್ಮೂರಿನ ಆರೋಗ್ಯ ಕೇಂದ್ರಕ್ಕೆ ನಾನೇ ಕರೆದುಕೊಂಡು ಹೋಗುತ್ತೇನೆ.