ಮೂರು ಲಕ್ಷದ ಗಿಟಾರು: ಕೊಳ್ಳುವ ಮುನ್ನ ಹತ್ತು ಸೂತ್ರ

ಬೆಂಗಳೂರಿನ ಯಾವುದಾದರೂ ದೊಡ್ಡ ಮ್ಯೂಸಿಕ್ ಅಂಗಡಿಗೆ ಹೋಗಿ ಗೋಡೆ ನೋಡಿ. ಒಂದೇ ಆಕಾರದ, ಒಂದೇ ಬಣ್ಣದ ಎರಡು ಲೆಸ್ ಪಾಲ್ ಗಿಟಾರುಗಳು ಪಕ್ಕಪಕ್ಕದಲ್ಲೇ ತೂಗುತ್ತಿರುತ್ತವೆ. ಒಂದರ ತಲೆಯ ಮೇಲೆ ಎಪಿಫೋನ್ ಎಂದಿದೆ, ಇನ್ನೊಂದರ ಮೇಲೆ ಗಿಬ್ಸನ್. ಎರಡಕ್ಕೂ ಧಣಿ ಒಬ್ಬನೇ. 1957ರಲ್ಲೇ ಎಪಿಫೋನ್ ಗಿಬ್ಸನ್‌ನ ಪಾಲಾಯಿತು. ಬೆಲೆ ಮಾತ್ರ ಗಿಬ್ಸನ್‌ಗೆ ಹೆಚ್ಚುಕಡಿಮೆ ನಾಲ್ಕು ಪಟ್ಟು. ಆ ಹೆಚ್ಚಿನ ದುಡ್ಡಿಗೆ ಏನು ಸಿಗುತ್ತದೆ ಎಂದು ಕೇಳಿದರೆ ಅಂಗಡಿಯ ಹುಡುಗ ಥಟ್ಟನೆ ಹೇಳುತ್ತಾನೆ: "ಟೋನ್ ಸರ್, ಟೋನ್!"

ನಾನು ಒಪ್ಪುವುದಿಲ್ಲ. ಒಳ್ಳೆಯ ನಾದಕ್ಕೆ ಈಗ ಅಷ್ಟೇನೂ ಖರ್ಚಿಲ್ಲ. ದುಬಾರಿ ಗಿಟಾರಿನಲ್ಲಿ ದುಡ್ಡು ಕೊಟ್ಟು ಪಡೆಯಬೇಕಾದ್ದು ಎಡಗೈಗೆ ಸಿಗುವ ಸುಖ. ಅದು ಸಿಕ್ಕಿತೋ ಇಲ್ಲವೋ ಎಂದು ಪತ್ತೆ ಮಾಡುವ ದಾರಿಗಳು ಇಲ್ಲಿವೆ.

1. ಬೆಲೆಯನ್ನು ಬಿಡಿಸಿ ನೋಡಿ

ಚೀಟಿಯ ಮೇಲಿನ ಅಂಕಿಯಲ್ಲಿ ಮರ, ಲೋಹ, ತಂತಿಯ ಪಾಲು ಚಿಕ್ಕದು. ಕೂಲಿಯದು ದೊಡ್ಡದು. ಅಮೆರಿಕದ ನ್ಯಾಶ್‌ವಿಲ್‌ನ ಕೆಲಸಗಾರನ ಸಂಬಳಕ್ಕೂ ಇಂಡೋನೇಷ್ಯಾದ ಕೆಲಸಗಾರನ ಸಂಬಳಕ್ಕೂ ಅಜಗಜಾಂತರ. ಅದರ ಮೇಲೆ ಸಾಗಣೆ, ಕಸ್ಟಮ್ಸ್ ಸುಂಕ, ಜಿಎಸ್‌ಟಿ, ಆಮದುದಾರನ ಲಾಭ, ಅಂಗಡಿಯವನ ಲಾಭ. ಕೊನೆಗೆ ಹೆಸರಿನ ಬೆಲೆ. ಇವುಗಳಲ್ಲಿ ಒಂದೂ ತಂತಿ ಮೀಟಿದಾಗ ಕೇಳಿಸುವುದಿಲ್ಲ.

ಹಾಗಂತ ಕಡಿಮೆ ಕೂಲಿಯ ಊರಿನ ಕೆಲಸ ಕಳಪೆ ಎಂದುಕೊಳ್ಳಬೇಡಿ. ಪಿಆರ್‌ಎಸ್ ಕಂಪನಿಯ ಎಸ್‌ಇ ಸರಣಿಯ ಹೆಚ್ಚಿನ ಗಿಟಾರುಗಳು ಇಂಡೋನೇಷ್ಯಾದ ಕಾರ್ಟ್ ಕಾರ್ಖಾನೆಯಲ್ಲಿ ತಯಾರಾಗುತ್ತವೆ. ಅವುಗಳ ಅಂಚು, ಜೋಡಣೆ, ಬಣ್ಣ ನೋಡಿದರೆ ಎಷ್ಟೋ ಅಮೆರಿಕದ ಗಿಟಾರುಗಳು ತಲೆ ತಗ್ಗಿಸಬೇಕು. ಮರ ಕೆತ್ತುವುದು ಎರಡೂ ಕಡೆ ಕಂಪ್ಯೂಟರ್ ಯಂತ್ರವೇ. ವ್ಯತ್ಯಾಸ ಇರುವುದು ಕೊನೆಯ ಕೈಗೆಲಸದಲ್ಲಿ: ಫ್ರೆಟ್ ಉಜ್ಜಿ ಸಮ ಮಾಡುವುದು, ನಟ್‌ನಲ್ಲಿ ತಂತಿಗೆ ಗೀರು ಕೊರೆಯುವುದು, ನೆಕ್‌ನ ಅಂಚು ನಯ ಮಾಡುವುದು.

ಇನ್ನೊಂದು ಮಾತು. ಫೆಂಡರ್ ಕಂಪನಿಯ ಟೆಲಿಕಾಸ್ಟರ್ ಗಿಟಾರು ಹುಟ್ಟಿದ್ದೇ ಕಾರ್ಖಾನೆಯ ಸರಕಾಗಿ. 1950ರ ಹೊತ್ತಿಗೆ ಅದನ್ನು ರೂಪಿಸಿದ ಲಿಯೋ ಫೆಂಡರ್ ಮೂಲತಃ ರೇಡಿಯೋ ರಿಪೇರಿಯವರು, ಗಿಟಾರು ನುಡಿಸಲು ಅವರಿಗೆ ಬರುತ್ತಿರಲಿಲ್ಲ. ಹಲಗೆಯಂಥ ಬಾಡಿ, ಅದಕ್ಕೆ ನಾಲ್ಕು ಸ್ಕ್ರೂ ಹಾಕಿ ಬಿಗಿದ ನೆಕ್. ಕೆಟ್ಟರೆ ಬಿಚ್ಚಿ ಬೇರೆ ಹಾಕಿಕೊಳ್ಳಬಹುದು. ಅಂಥ ವಸ್ತುವಿನ ಬಗ್ಗೆ ಯಾರಾದರೂ ಪವಾಡದ ಕಥೆ ಹೇಳಿದರೆ ನಕ್ಕು ಮುಂದೆ ಹೋಗಿ.

2. ಮರದ ಮಾತಿಗೆ ಮರುಳಾಗಬೇಡಿ

ವೀಣೆಯ ಕೊಡದ ಹಾಗೆ ಎಲೆಕ್ಟ್ರಿಕ್ ಗಿಟಾರಿನ ಬಾಡಿ ನಾದವನ್ನು ತುಂಬಿ ಹೊರಗೆ ಕಳಿಸುವುದಿಲ್ಲ. ಉಕ್ಕಿನ ತಂತಿ ಅಯಸ್ಕಾಂತದ ಮೇಲೆ ಅಲುಗಾಡುತ್ತದೆ, ಸುತ್ತಿದ ತಾಮ್ರದ ಸುರುಳಿಯಲ್ಲಿ ವಿದ್ಯುತ್ ಹುಟ್ಟುತ್ತದೆ, ಅದು ವೈರ್ ಹಿಡಿದು ಆಂಪಿಗೆ ಹೋಗುತ್ತದೆ. ಅಯಸ್ಕಾಂತ, ಸುರುಳಿ ಸೇರಿದ ಈ ಪಿಕಪ್ ಯಾವುದು, ಅದು ತಂತಿಗೆ ಎಷ್ಟು ಹತ್ತಿರವಿದೆ, ಬ್ರಿಜ್‌ನಿಂದ ಎಷ್ಟು ದೂರದಲ್ಲಿದೆ ಎನ್ನುವುದರ ಮುಂದೆ ಬಾಡಿ ಮರದ ಪಾತ್ರ ತೀರಾ ಸಣ್ಣದು. ನ್ಯಾಶ್‌ವಿಲ್‌ನ ಗಿಟಾರ್ ವಾದಕ ಜಿಮ್ ಲಿಲ್ ಎರಡು ಬೆಂಚಿನ ನಡುವೆ ತಂತಿ ಬಿಗಿದು, ಕೆಳಗೆ ಪಿಕಪ್ ಇಟ್ಟು, ಬಾಡಿಯೇ ಇಲ್ಲದೆ ನುಡಿಸಿ ರೆಕಾರ್ಡ್ ಮಾಡಿ ತೋರಿಸಿದ್ದಾರೆ. ಕೇಳಿದರೆ ಗಿಟಾರೇ!

ಕ್ವೀನ್ ತಂಡದ ಬ್ರಯಾನ್ ಮೇ ತಮ್ಮ 'ರೆಡ್ ಸ್ಪೆಷಲ್' ಗಿಟಾರನ್ನು 1963ರಲ್ಲಿ ತಂದೆಯ ಜೊತೆ ಸೇರಿ ಮನೆಯಲ್ಲೇ ಮಾಡಲು ತೊಡಗಿದವರು. ನೆಕ್‌ಗೆ ಹಳೆಯ ಅಗ್ಗಿಷ್ಟಿಕೆಯ ಚೌಕಟ್ಟಿನ ಮರ, ಸ್ವರ ತೂಗಾಡಿಸುವ ಟ್ರೆಮೊಲೊಗೆ ಮೋಟರ್‌ಸೈಕಲ್ಲಿನ ವಾಲ್ವ್ ಸ್ಪ್ರಿಂಗು, ಅದರ ಹಿಡಿಕೆಯ ತುದಿಗೆ ಅಮ್ಮನ ಹೆಣಿಗೆ ಕಡ್ಡಿಯ ತುಂಡು. ಆ ಗಿಟಾರಿನಲ್ಲೇ ಕ್ವೀನ್‌ನ ಆಲ್ಬಮ್‌ಗಳು ಮೂಡಿದವು.

ಫ್ರೆಟ್‌ಬೋರ್ಡ್ ಮರದ ಕಥೆ ನಮಗೆ ಇನ್ನೂ ಹತ್ತಿರ. ದುಬಾರಿ ಗಿಟಾರಿನ ವಿವರಣೆಯಲ್ಲಿ 'ಇಂಡಿಯನ್ ರೋಸ್‌ವುಡ್' ಎಂದಿದ್ದರೆ ಅದು ನಮ್ಮ ಬೀಟೆ. ಫೆಂಡರ್‌ನದೇ ಅಗ್ಗದ ಸ್ಕ್ವೈಯರ್‌ನಲ್ಲಿ 'ಇಂಡಿಯನ್ ಲಾರೆಲ್' ಎಂದಿದ್ದರೆ ಅದು ಮತ್ತಿ. ಮಲೆನಾಡಿನ ಕಾಡಿನಲ್ಲಿ ಒಂದಕ್ಕೊಂದು ನೆರಳಾಗಿ ನಿಲ್ಲುವ ಮರಗಳು ಅಂಗಡಿಯ ಗೋಡೆಯ ಮೇಲೆ ಬೇರೆ ಬೇರೆ ಜಾತಿಯಾಗುತ್ತವೆ. 2017ರ ಜನವರಿಯಿಂದ ಬೀಟೆಯ ಇಡೀ ಕುಲದ ಮೇಲೆ ಅಳಿವಿನಂಚಿನ ಜೀವಿಗಳ ವ್ಯಾಪಾರ ಕುರಿತ ಸೈಟ್ಸ್ ಒಪ್ಪಂದದ ನಿರ್ಬಂಧ ಬಿದ್ದಾಗ ದೇಶದ ಗಡಿ ದಾಟುವ ಬೀಟೆಯ ಗಿಟಾರಿಗೆಲ್ಲ ಕಾಗದಪತ್ರ ಬೇಕಾಗಿ, ಕಂಪನಿಗಳು ಬೇರೆ ಮರ ಹುಡುಕಿಕೊಂಡವು. ಸಿದ್ಧವಾದ ವಾದ್ಯಗಳಿಗೆ 2019ರ ಕೊನೆಯಲ್ಲಿ ವಿನಾಯಿತಿ ಸಿಕ್ಕಿತು. ಅಂದರೆ ಮರ ಬದಲಾಗಿದ್ದರಲ್ಲಿ ನಾದಕ್ಕಿಂತ ಕಾನೂನಿನ ಕೈವಾಡವೇ ಹೆಚ್ಚು. ಬೀಟೆ ಬೆರಳಿಗೆ ಹಿತ, ಕಣ್ಣಿಗೆ ಚೆಂದ, ಬಾಳಿಕೆಯೂ ಹೌದು. ಅದಕ್ಕಾಗಿ ಸ್ವಲ್ಪ ಹೆಚ್ಚು ಕೊಡಿ, ಬೇಡ ಎನ್ನುವುದಿಲ್ಲ. 'ಬೆಚ್ಚನೆಯ ಸ್ವರ'ಕ್ಕೆಂದು ಕೊಡಬೇಡಿ.

3. ಎಡಗೈಗೆ ದುಡ್ಡು ಕೊಡಿ

ಇಲ್ಲಿ ಅವಸರ ಬೇಡ. ಅಂಗಡಿಯಲ್ಲಿ ಗಿಟಾರು ಕೈಗೆ ಬಂದ ಕೂಡಲೇ ಪ್ಲಗ್ ಹಾಕಬೇಡಿ. ಆಂಪಿನ ಅಬ್ಬರದಲ್ಲಿ ದೋಷಗಳೆಲ್ಲ ಮುಚ್ಚಿಹೋಗುತ್ತವೆ.

ಮೊದಲು ನೆಕ್‌ನ ಎರಡೂ ಅಂಚಿನ ಮೇಲೆ ಹೆಬ್ಬೆರಳನ್ನು ತಲೆಯಿಂದ ಬುಡದವರೆಗೆ ಎಳೆಯಿರಿ. ಫ್ರೆಟ್‌ನ ತುದಿ ಚುಚ್ಚಬಾರದು, ಚರ್ಮಕ್ಕೆ ತಡೆಯಬಾರದು. ಕೈಯಿಂದ ಉಜ್ಜಿದ ಅಂಚು ಹೆಬ್ಬೆರಳಿಗೆ ಥಟ್ಟನೆ ತಿಳಿಯುತ್ತದೆ; ನಾಲ್ಕು ಪಟ್ಟು ಬೆಲೆಯಲ್ಲಿ ಇದು ಸಿಗದಿದ್ದರೆ ಇನ್ನೇನೂ ಸಿಗುವುದಿಲ್ಲ.

ಆಮೇಲೆ ಆರೂ ತಂತಿಗಳ ಮೇಲೆ ಒಂದೊಂದೇ ಫ್ರೆಟ್ ಒತ್ತಿ ನುಡಿಸುತ್ತ ಹೋಗಿ. ಬೇಸರದ ಕೆಲಸ, ಅಂಗಡಿಯವರು ಮುಖ ಮುಖ ನೋಡಿಕೊಳ್ಳಬಹುದು, ನೋಡಿಕೊಳ್ಳಲಿ. ಎಲ್ಲಿ ಸ್ವರ ಝುಂಯ್ ಎನ್ನುತ್ತದೆ, ಎಲ್ಲಿ ಬೇಗ ಸಾಯುತ್ತದೆ, ಕಿವಿ ಕೊಡಿ. ಅತಿ ಸಣ್ಣ ತಂತಿಯನ್ನು ಹನ್ನೆರಡನೆಯ ಫ್ರೆಟ್‌ನ ಆಚೆ ಒತ್ತಿ ಪೂರ್ತಿ ಒಂದು ಸ್ವರದಷ್ಟು ಮೇಲಕ್ಕೆ ತಳ್ಳಿ. ಬಾಗಿದ ತಂತಿ ನಡುವೆಯೇ ಉಸಿರುಗಟ್ಟಿ ನಿಂತರೆ ಫ್ರೆಟ್ ಸಮ ಇಲ್ಲ, ಇಲ್ಲವೇ ತಂತಿ ತೀರಾ ತಗ್ಗಿನಲ್ಲಿದೆ. ಎರಡನೆಯದಾದರೆ ಐದು ನಿಮಿಷದ ಕೆಲಸ. ಮೊದಲನೆಯದಾದರೆ ಗಿಟಾರನ್ನು ಗೋಡೆಗೆ ವಾಪಸು ಮಾಡಿ.

ಇನ್ನು ನಟ್. ಟ್ಯೂನ್ ಮಾಡಿ, ಜಿ ತಂತಿಯನ್ನು ನಾಲ್ಕೈದು ಸಲ ಎಳೆದು ಬಾಗಿಸಿ, ಮತ್ತೆ ಟ್ಯೂನರ್ ನೋಡಿ. ಶ್ರುತಿ ಇಳಿದಿದ್ದರೆ, ಟ್ಯೂನಿಂಗ್ ಕೀ ತಿರುಗಿಸುವಾಗ 'ಟಿಂಕ್' ಎಂದು ಸದ್ದಾದರೆ, ತಂತಿ ನಟ್‌ನ ಗೀರಿನಲ್ಲಿ ಸಿಕ್ಕಿಕೊಳ್ಳುತ್ತಿದೆ. ಲೆಸ್ ಪಾಲ್‌ಗೆ ಇದು ಹುಟ್ಟುಗುಣ. ಅದರ ತಲೆ ಹಿಂದಕ್ಕೆ ಬಾಗಿದೆ, ತಂತಿಗಳು ನಟ್ ದಾಟಿ ಎರಡೂ ಪಕ್ಕಕ್ಕೆ ಕವಲೊಡೆಯುತ್ತವೆ. ಬೆಲೆ ಎಷ್ಟೇ ಇರಲಿ, ಜಿ ತಂತಿ ಹಟ ಮಾಡುತ್ತದೆ. ಒಳ್ಳೆಯ ಕೆಲಸಗಾರ ಗೀರು ತಿದ್ದಿದರೆ ಸರಿಹೋಗುತ್ತದೆ.

ಅಳತೆಯನ್ನೂ ಗಮನಿಸಿ. ಫೆಂಡರ್‌ನಲ್ಲಿ ನಟ್‌ನಿಂದ ಬ್ರಿಜ್‌ವರೆಗೆ 25.5 ಇಂಚು, ಗಿಬ್ಸನ್‌ನಲ್ಲಿ 24.75. ಮುಕ್ಕಾಲು ಇಂಚಿನ ವ್ಯತ್ಯಾಸ ಕಾಗದದ ಮೇಲೆ ಏನೂ ಅಲ್ಲ, ಬೆರಳಿಗೆ ಬಹಳ. ಗಿಬ್ಸನ್‌ನಲ್ಲಿ ತಂತಿ ಸಡಿಲ, ಫ್ರೆಟ್ ಹತ್ತಿರ ಹತ್ತಿರ. ನಿಮ್ಮ ಕೈ ಯಾವುದಕ್ಕೆ ಒಗ್ಗುತ್ತದೆ ಎನ್ನುವುದಕ್ಕೂ ಬೆಲೆಗೂ ಸಂಬಂಧವಿಲ್ಲ. ಅಗ್ಗದ ಗಿಟಾರು ಕೈಗೆ ಒಗ್ಗಿದರೆ ಅದು ನಿಮ್ಮ ಅದೃಷ್ಟ ಎಂದುಕೊಂಡು ದುಡ್ಡು ಉಳಿಸಿ.

4. ಹಳೆಯ ಗಿಟಾರಿಗೆ ಮೊದಲು ಸೆಟಪ್ ಮಾಡಿಸಿ

ಹೋಲಿಕೆ ನ್ಯಾಯವಾಗಿರಬೇಕು. ಮನೆಯ ಗಿಟಾರಿಗೆ ತುಕ್ಕು ಹಿಡಿದ ತಂತಿ, ಬಾಗಿದ ನೆಕ್. ಅಂಗಡಿಯದಕ್ಕೆ ಹೊಸ ತಂತಿ, ಹದವಾದ ಎತ್ತರ. ಯಾವುದು ಗೆಲ್ಲುತ್ತದೆ ಎಂದು ಬೇರೆ ಹೇಳಬೇಕೆ? ಮೊದಲು ಹಳೆಯದಕ್ಕೆ ಹೊಸ ತಂತಿ ಹಾಕಿಸಿ, ಟ್ರಸ್ ರಾಡ್ ತಿರುಗಿಸಿ ನೆಕ್ ನೇರ ಮಾಡಿಸಿ, ಹನ್ನೆರಡನೆಯ ಫ್ರೆಟ್ ಹತ್ತಿರ ತಂತಿಯ ಎತ್ತರವನ್ನು ಒಂದೂವರೆ–ಎರಡು ಮಿಲಿಮೀಟರ್‌ಗೆ ತರಿಸಿ. ಒಂದು ತಿಂಗಳು ನುಡಿಸಿ. ಆಮೇಲೂ ಅಂಗಡಿಯ ಗಿಟಾರಿನ ನೆನಪು ಕಾಡಿದರೆ ಹೋಗಿ.

5. ಆಂಪ್ ಮರೆಯಬೇಡಿ

ಮೂರು ಲಕ್ಷದ ಗಿಟಾರನ್ನು ಐದು ಸಾವಿರದ ಪ್ರಾಕ್ಟೀಸ್ ಆಂಪಿಗೆ ಚುಚ್ಚಿದರೆ ಕೇಳಿಸುವುದು ಐದು ಸಾವಿರವೇ. ಕೈಯಲ್ಲಿರುವ ದುಡ್ಡನ್ನು ಎರಡಕ್ಕೂ ಹಂಚಿ. ಅಮೆರಿಕದಿಂದ ಯಾರಾದರೂ ತಂದುಕೊಡುತ್ತೇನೆ ಎಂದರೆ ಗಿಟಾರು ತರಿಸಿ, ಆಂಪ್ ಬೇಡ. ಅಲ್ಲಿಯ ಕರೆಂಟು 120 ವೋಲ್ಟ್, ನಮ್ಮದು 230. ಗಿಟಾರಿಗೂ ಸುಂಕದ ಲೆಕ್ಕ ಮೊದಲೇ ಹಾಕಿ. ವಿಮಾನ ನಿಲ್ದಾಣದ ಕಸ್ಟಮ್ಸ್ ಕೌಂಟರಿನಲ್ಲಿ ನಿಂತು ಹಾಕಿದರೆ ಲಾಭ ಎಲ್ಲ ಅಲ್ಲೇ ಕರಗುತ್ತದೆ.

6. ಬೆನ್ನು ತಿರುಗಿಸಿ ಕೇಳಿ

ಗೆಳೆಯನನ್ನು ಕರೆದುಕೊಂಡು ಹೋಗಿ. ಅದೇ ಆಂಪ್, ಅದೇ ವಾಲ್ಯೂಮ್, ಅದೇ ನಾಲ್ಕು ಸಾಲಿನ ರಿಫ್. ಅವನು ಎರಡನ್ನೂ ನುಡಿಸಲಿ, ನೀವು ಗೋಡೆ ನೋಡುತ್ತ ಕೂತು ದುಬಾರಿಯದು ಯಾವುದು ಹೇಳಿ.

7. ನಿಮ್ಮೂರಿನ ಹವೆ ಕೇಳಿಕೊಳ್ಳಿ

ಮಾರ್ಚಿನ ಬೆಂಗಳೂರು, ಕಲಬುರಗಿಯ ಒಣ ಗಾಳಿಯಲ್ಲಿ ಫ್ರೆಟ್‌ಬೋರ್ಡ್ ಮರ ಕುಗ್ಗುತ್ತದೆ. ಲೋಹದ ಫ್ರೆಟ್ ಕುಗ್ಗುವುದಿಲ್ಲ, ಅದರ ತುದಿ ಹೊರಗೆ ಇಣುಕಿ ಅಂಗೈ ಗೀರುತ್ತದೆ. ಮಂಗಳೂರಿನ ಜುಲೈನಲ್ಲಿ ಮರ ನೀರು ಕುಡಿದು ನೆಕ್ ಬಾಗುತ್ತದೆ, ತಂತಿ ಬೇಗ ತುಕ್ಕು ಹಿಡಿಯುತ್ತದೆ. ದುಬಾರಿ ಗಿಟಾರಿಗೆ ಇದರಿಂದ ರಿಯಾಯಿತಿ ಇಲ್ಲ. ಕೆಲವು ಸಲ ಅದೇ ಹೆಚ್ಚು ನಾಜೂಕು. ಹಳೆ ಕಾಲದ ನೈಟ್ರೋಸೆಲ್ಯುಲೋಸ್ ಪಾಲಿಶ್ ಇರುವ ಗಿಟಾರನ್ನು ಸಾಮಾನ್ಯ ರಬ್ಬರ್ ಸ್ಟ್ಯಾಂಡಿಗೆ ಒರಗಿಸಿಟ್ಟರೆ ಪಾಲಿಶ್ ಕರಗಿ ಕಲೆಯಾಗುತ್ತದೆ. ಹೊನ್ನಿನಂತೆ ಹೊಳೆಯುವ ಲೆಸ್ ಪಾಲ್ ಸ್ಟ್ಯಾಂಡಿನಿಂದ ಒಮ್ಮೆ ಮಗುಚಿ ಬಿದ್ದರೆ ನೆಕ್ ತಲೆಯ ಹತ್ತಿರ ಮುರಿಯುವ ಸಂಭವ ಹೆಚ್ಚು. ಮನೆಯಲ್ಲಿ ಓಡಾಡುವ ಮಕ್ಕಳಿದ್ದರೆ ನಾಲ್ಕು ಸ್ಕ್ರೂವಿನ ಫೆಂಡರ್ ಜಾತಿಯೇ ವಾಸಿ.

8. ಹರಾಜಿನ ಸುದ್ದಿ ಓದಿ ಬೆಲೆ ಕಟ್ಟಬೇಡಿ

2019ರ ಜೂನ್‌ನಲ್ಲಿ ನ್ಯೂಯಾರ್ಕಿನ ಕ್ರಿಸ್ಟೀಸ್ ಹರಾಜಿನಲ್ಲಿ ಪಿಂಕ್ ಫ್ಲಾಯ್ಡ್‌ನ ಡೇವಿಡ್ ಗಿಲ್ಮರ್ ಅವರ ಕಪ್ಪು ಸ್ಟ್ರಾಟೋಕಾಸ್ಟರ್ 39.75 ಲಕ್ಷ ಡಾಲರಿಗೆ ಹೋಯಿತು. ಆಗಿನ ಲೆಕ್ಕದಲ್ಲಿ ಸುಮಾರು 27 ಕೋಟಿ ರೂಪಾಯಿ. ಅವರು ಅದನ್ನು 1970ರಲ್ಲಿ ಅದೇ ಊರಿನ ಅಂಗಡಿಯಲ್ಲಿ ಕೊಂಡಿದ್ದರು. ತಮಾಷೆ ಏನೆಂದರೆ, ಈ ನಡುವೆ ಅದರ ನೆಕ್ ಹಲವು ಸಲ ಬದಲಾಗಿತ್ತು, ಪಿಕಪ್ಪೂ ಬದಲಾಗಿತ್ತು. ಬೇಕೆನಿಸಿದಾಗ ಬಿಚ್ಚಿ ಜೋಡಿಸುವ ಆಟದ ಸಾಮಾನಾಗಿತ್ತು ಅದು. ಆ 27 ಕೋಟಿ ಗಿಲ್ಮರ್ ಕೈಚಳಕಕ್ಕೆ ಸಂದದ್ದು, ಮರಕ್ಕಲ್ಲ. ಹಾಗಾಗಿ 'ಇನ್ವೆಸ್ಟ್‌ಮೆಂಟ್ ಸರ್' ಎಂಬ ಮಾತು ಕಿವಿಗೆ ಬಿದ್ದರೆ ಪರ್ಸು ಭದ್ರಪಡಿಸಿಕೊಳ್ಳಿ. ಇಂದಿನ ಹೊಸ ಗಿಟಾರು ಅಂಗಡಿಯ ಹೊಸಿಲು ದಾಟಿದ ಕ್ಷಣದಿಂದ ಬೆಲೆ ಕಳೆದುಕೊಳ್ಳುತ್ತದೆ.

'ರೆಲಿಕ್' ಎಂಬ ಇನ್ನೊಂದು ಮೋಹವೂ ಇದೆ. ಹೊಚ್ಚಹೊಸ ಗಿಟಾರಿನ ಬಣ್ಣ ಕೆರೆದು, ಲೋಹಕ್ಕೆ ತುಕ್ಕು ಹಿಡಿಸಿ, ಐವತ್ತು ವರ್ಷ ಬಾರುಗಳಲ್ಲಿ ನುಡಿಸಿದಂತೆ ಮಾಡಿ ಹೆಚ್ಚು ಬೆಲೆಗೆ ಮಾರುತ್ತಾರೆ. ಬೇರೆಯವರ ಬೆವರಿನ ಕಲೆಯನ್ನು ನಕಲು ಮಾಡಿದ್ದಕ್ಕೆ ಲಕ್ಷ ಕೊಡುವ ಉತ್ಸಾಹ ನನಗಂತೂ ಅರ್ಥವಾಗಿಲ್ಲ. ನೆಕ್‌ನ ಹಿಂಭಾಗ ನಯವಾಗಿರುತ್ತದೆ ಎಂದು ಕೆಲವರು ಸಮರ್ಥಿಸುತ್ತಾರೆ. ಅಷ್ಟೇ ಬೇಕಾದರೆ ನಯವಾದ ಸ್ಯಾಂಡ್‌ಪೇಪರ್ ಸಾಕು.

9. ಸೆಕೆಂಡ್ ಹ್ಯಾಂಡ್ ನೋಡಿ, ಆದರೆ ಕಣ್ಣು ಬಿಟ್ಟುಕೊಂಡು

ಅಸಲಿ ಅಮೆರಿಕನ್ ಗಿಟಾರು ಬೇಕೇ ಬೇಕು ಎಂದಾದರೆ ಜಾಣತನದ ದಾರಿ ಇದು. ಮೊದಲ ಇಳಿತವನ್ನು ಬೇರೆ ಯಾರೋ ಹೊತ್ತಿರುತ್ತಾರೆ. ನೀವು ನಾಲ್ಕು ವರ್ಷ ನುಡಿಸಿ ಮಾರಿದರೂ ಹೆಚ್ಚು ಕೈಬಿಡುವುದಿಲ್ಲ. ಫ್ರೆಟ್‌ನ ಸವೆತ ನೋಡಿ: ಮೊದಲ ಮೂರು ಫ್ರೆಟ್‌ಗಳಲ್ಲಿ ತಂತಿಯ ಕೆಳಗೆ ಆಳವಾದ ಗುಳಿ ಬಿದ್ದಿದ್ದರೆ ಹೊಸ ಫ್ರೆಟ್ ಹಾಕಿಸುವ ಖರ್ಚನ್ನು ಬೆಲೆಯಿಂದ ಕಳೆಯಿರಿ. ತಲೆ ಮತ್ತು ನೆಕ್ ಸೇರುವ ಜಾಗಕ್ಕೆ ಮೊಬೈಲ್ ಟಾರ್ಚ್ ಹಿಡಿದು ಕೂದಲೆಳೆಯ ಬಿರುಕಿದೆಯೇ ಹುಡುಕಿ. ಗಿಬ್ಸನ್ ಆದರೆ ತಲೆಯ ಮೇಲಿನ ಗಂಟೆಯಾಕಾರದ ಪುಟ್ಟ ಮುಚ್ಚಳಕ್ಕೆ ಎರಡು ಸ್ಕ್ರೂ ಇರಬೇಕು. ಮೂರಿದ್ದರೆ ನಕಲಿ ಎಂಬ ಅನುಮಾನ ಬಲವಾಗಲಿ. ಸೀರಿಯಲ್ ನಂಬರ್ ಒಂದನ್ನೇ ನಂಬಬೇಡಿ, ಅಂಕಿ ಕೊರೆಯುವುದು ಯಾರಿಗೂ ಕಷ್ಟವಲ್ಲ. ಹಿಂದಿನ ಮುಚ್ಚಳ ಬಿಚ್ಚಿ ಒಳಗಿನ ವೈರಿಂಗ್ ತೋರಿಸಲು ಮಾರುವವರು ಹಿಂದೆಮುಂದೆ ನೋಡಿದರೆ ನಮಸ್ಕಾರ ಹೇಳಿ ಎದ್ದುಬನ್ನಿ.

10. ಮಾಡೆಲ್ ಬಿಡಿ, ಆ ಒಂದು ಗಿಟಾರು ನೋಡಿ

ಒಂದೇ ಮಾಡೆಲಿನ, ಒಂದೇ ಬೆಲೆಯ ಎರಡು ಗಿಟಾರು ಒಂದೇ ಥರ ಇರುವುದಿಲ್ಲ. ಒಂದು ಮೂರೂವರೆ ಕಿಲೋ ತೂಗಿದರೆ ಇನ್ನೊಂದು ನಾಲ್ಕೂಕಾಲು. ಎರಡು ಗಂಟೆ ಹೆಗಲಿಗೆ ಹಾಕಿಕೊಂಡು ನಿಂತಾಗ ಆ ಮುಕ್ಕಾಲು ಕಿಲೋ ಬೆನ್ನಿಗೆ ಗೊತ್ತಾಗುತ್ತದೆ. ಆದ್ದರಿಂದ ಡಬ್ಬ ಒಡೆಯದ ಪೀಸ್ ಕೊಡುತ್ತೇವೆ ಎಂಬ ಮರ್ಯಾದೆ ಬೇಡ. ನೀವು ನುಡಿಸಿ ಒಪ್ಪಿದ ಪೀಸನ್ನೇ ಕೇಳಿ, ಅದರ ಸೀರಿಯಲ್ ನಂಬರನ್ನು ಬಿಲ್ಲಿನಲ್ಲಿ ಬರೆಸಿ. ಈ ಬೆಲೆಗೆ ಗಟ್ಟಿ ಕೇಸ್, ಒಂದು ಸೆಟಪ್, ಎರಡು ಸೆಟ್ ತಂತಿ ಸೇರಿಸಿಕೊಡಿ ಎಂದು ನಾಚದೆ ಕೇಳಿ. ಡಿಸ್ಕೌಂಟ್ ಕೊಡಲು ಒಪ್ಪದ ಅಂಗಡಿಯೂ ಇದಕ್ಕೆ ಸಾಮಾನ್ಯವಾಗಿ ಒಪ್ಪುತ್ತದೆ. ಸೆಟಪ್ ನಿಮ್ಮ ಎದುರಿಗೇ ಆಗಲಿ. ತಂತಿ ಎಷ್ಟು ದಪ್ಪದ್ದು, ಎತ್ತರ ಎಷ್ಟಿರಬೇಕು ಎಂದು ನೀವೇ ಹೇಳಿ, ಮುಗಿದ ಮೇಲೆ ಇನ್ನೊಮ್ಮೆ ಹೆಬ್ಬೆರಳು ಎಳೆದು ನೋಡಿ ದುಡ್ಡು ಕೊಡಿ.