ಗಾಳಕ್ಕೆ ಸಿಕ್ಕ ಮೀನು ಬದುಕಿಯೇ ಮರಳಲಿ

ಹೊಳೆ ಮತ್ತು ಮೀನಿನ ಕುರಿತ ಈ ಅಂಕಣಕ್ಕೆ ಈ ಬಾರಿ ಬಂದ ಪತ್ರಗಳಲ್ಲಿ ಹೆಚ್ಚಿನವು ಬದಿಯಡ್ಕದ ಸುತ್ತಮುತ್ತಲಿನವು. ಗಾಳಕ್ಕೆ ಸಿಕ್ಕ ಮೀನನ್ನು ಮತ್ತೆ ನೀರಿಗೇ ಬಿಡುವ ಹವ್ಯಾಸದ ಬಗ್ಗೆ ಆಸೆ, ಅನುಮಾನ, ಆಕ್ಷೇಪ ಮೂರೂ ಅವುಗಳಲ್ಲಿವೆ. ಆಯ್ದ ಆರು ಪತ್ರಗಳಿಗೆ ಇಲ್ಲಿ ಉತ್ತರವಿದೆ.

ಪ್ರಶ್ನೆ: ಹಿಮಾಚಲದಲ್ಲಿ ಟ್ರೌಟ್ ಹಿಡಿಯುವ ವಿಡಿಯೊ ನೋಡಿದಂದಿನಿಂದ ಮಗನಿಗೆ ಅದರದೇ ಧ್ಯಾನ. ನಮ್ಮ ಶಿರಿಯಾ ಹೊಳೆಯಲ್ಲೋ ಪಯಸ್ವಿನಿಯಲ್ಲೋ ಟ್ರೌಟ್ ಇದೆಯೇ? ಇಲ್ಲವಾದರೆ ಹತ್ತಿರದಲ್ಲಿ ಎಲ್ಲಿದೆ?
*– ಗೃಹಿಣಿ, ಬದಿಯಡ್ಕ*

ಉತ್ತರ: ನಮ್ಮ ಹೊಳೆಗಳಲ್ಲಿ ಟ್ರೌಟ್ ಇಲ್ಲ, ತಂದು ಬಿಟ್ಟರೂ ಬದುಕದು. ಅದು 10ರಿಂದ 18 ಡಿಗ್ರಿಯ ತಣ್ಣನೆಯ ನೀರಿನಲ್ಲಿ ಸುಖವಾಗಿರುವ ಮೀನು. 10 ಡಿಗ್ರಿಯ ಒಂದು ಲೀಟರ್ ನೀರು 11 ಮಿಲಿಗ್ರಾಂಗಿಂತ ತುಸು ಹೆಚ್ಚು ಆಮ್ಲಜನಕವನ್ನು ಹಿಡಿದಿಟ್ಟುಕೊಳ್ಳಬಲ್ಲದು. 30 ಡಿಗ್ರಿಯಲ್ಲಿ ಅದು ಏಳೂವರೆಗೆ ಇಳಿಯುತ್ತದೆ. ಬೇಸಗೆಯಲ್ಲಿ ನಮ್ಮ ಹೊಳೆಗಳ ಸ್ಥಿತಿ ಹೆಚ್ಚುಕಡಿಮೆ ಇದೇ.

ಭಾರತದ ಯಾವ ನೀರಿಗೂ ಟ್ರೌಟ್ ಮೂಲನಿವಾಸಿಯಲ್ಲ. ಬ್ರಿಟಿಷರ ಕಾಲದಲ್ಲಿ, 1900ರ ಹೊತ್ತಿಗೆ ಕಾಶ್ಮೀರಕ್ಕೂ 1909ರಲ್ಲಿ ಕುಲ್ಲುವಿಗೂ ಅದು ಬಂತು. ನೀಲಗಿರಿಯಲ್ಲಿ ಹಿಂದಿನ ಪ್ರಯತ್ನಗಳು ಸೋತ ಬಳಿಕ, 20ನೇ ಶತಮಾನದ ಮೊದಲ ದಶಕದಲ್ಲಿ ಎಚ್. ಸಿ. ವಿಲ್ಸನ್ ಅವಲಾಂಚಿಯಲ್ಲಿ ಮರಿ ಮಾಡಿಸಿ ಮಳೆಬಿಲ್ಲು ಟ್ರೌಟ್ ನೆಲೆಯೂರುವಂತೆ ಮಾಡಿದರು. ಕೇರಳದಲ್ಲಿ ಮುನ್ನಾರಿನ ಚಹಾ ತೋಟಗಳವರು ಅದನ್ನು ಎತ್ತರದ ತೊರೆಗಳಿಗೆ ತಂದರು. ನಿಮಗೆ ಹತ್ತಿರವೆಂದರೆ ಈ ಎರಡೇ ಜಾಗ. ಆದರೆ ಅಲ್ಲಿನ ಬಹುಪಾಲು ನೀರು ಅರಣ್ಯದೊಳಗಿದೆ, ಅನುಮತಿ ಕೈಯಲ್ಲಿಲ್ಲದೆ ಹೋಗಬೇಡಿ. ಹಿಮಾಚಲದಲ್ಲಿ ಮೀನುಗಾರಿಕೆ ಇಲಾಖೆಯ ಪರವಾನಗಿ ಬೇಕು. ನವೆಂಬರಿನಿಂದ ಫೆಬ್ರವರಿಯ ತನಕ ಟ್ರೌಟ್ ಮೊಟ್ಟೆಯಿಡುವ ಕಾಲವಾದ್ದರಿಂದ ಅಲ್ಲಿ ಅದನ್ನು ಹಿಡಿಯುವಂತಿಲ್ಲ.

ಪ್ರಶ್ನೆ: ನಾವು ಎರೆಹುಳ ಸಿಕ್ಕಿಸಿ ಗಾಳ ಹಾಕಿ ಬೆಳೆದವರು. ಈ 'ಫ್ಲೈ ಫಿಶಿಂಗ್' ಅದಕ್ಕಿಂತ ಹೇಗೆ ಬೇರೆ?
*– ನಿವೃತ್ತ ಬ್ಯಾಂಕ್ ನೌಕರ, ನೀರ್ಚಾಲು*

ಉತ್ತರ: ಅದರಲ್ಲಿ ಎರೆ ಇಲ್ಲ. ಗಾಳಕ್ಕೆ ನೂಲು, ಗರಿ, ರೋಮ ಸುತ್ತಿ ಹುಳುವಿನ ರೂಪ ಕೊಡುತ್ತಾರೆ, ಇದೇ 'ಫ್ಲೈ'. ಇದಕ್ಕೆ ತೂಕವಿಲ್ಲದ್ದರಿಂದ ನಾವು ಸೀಸದ ಗುಂಡು ಕಟ್ಟಿ ಬೀಸಿದ ಹಾಗೆ ಎಸೆಯಲಾಗದು. ತೂಕವೆಲ್ಲ ದಪ್ಪನೆಯ ದಾರದಲ್ಲಿರುತ್ತದೆ. ಕೋಲನ್ನು ಹಿಂದಕ್ಕೂ ಮುಂದಕ್ಕೂ ಬೀಸಿದಾಗ ಆ ದಾರ ಗಾಳಿಯಲ್ಲಿ ಬಿಚ್ಚಿಕೊಂಡು ಹುಳುವನ್ನು ಒಯ್ದು ನೀರ ಮೇಲೆ ಇಳಿಸುತ್ತದೆ. ಅಂದು ಆ ನೀರಿನಲ್ಲಿ ಯಾವ ಹುಳು ಹುಟ್ಟಿದೆ, ಮೀನು ಯಾವುದಕ್ಕೆ ಮೇಲೆದ್ದು ಬಾಯಿ ಹಾಕುತ್ತಿದೆ ಎಂಬುದನ್ನು ಗಮನಿಸಿ ಗಾಳವನ್ನು ಆರಿಸಬೇಕು. ಹೊಳೆಯನ್ನು ಓದಲು ಕಲಿಸುವ ಈ ಗುಣವೇ ನನಗೆ ಈ ಕಲೆಯಲ್ಲಿ ಎಲ್ಲಕ್ಕಿಂತ ಪ್ರಿಯ.

ಬಿಡುವವರಿಗೆ ಇದರಲ್ಲಿ ಇನ್ನೊಂದು ಅನುಕೂಲವಿದೆ. ಎರೆಹುಳವನ್ನೋ, ಕಾವೇರಿಯಲ್ಲಿ ಮಹಶೀರ್‌ಗೆ ಕಟ್ಟುವ ರಾಗಿ ಹಿಟ್ಟಿನ ಉಂಡೆಯನ್ನೋ ಮೀನು ತಿನಿಸೆಂದೇ ನಂಬಿ ನುಂಗಬಹುದು, ಆಗ ಗಾಳ ಗಂಟಲಿಗೆ ಇಳಿಯುತ್ತದೆ. ಗರಿಯ ಹುಳುವಿಗೆ ರುಚಿಯಿಲ್ಲ. ಮೀನು ಅದನ್ನು ನುಂಗುವ ಮೊದಲೇ ಗಾಳ ಹೆಚ್ಚಾಗಿ ತುಟಿಗೆ ಚುಚ್ಚಿರುತ್ತದೆ. ತುಟಿಯ ಗಾಯದೊಂದಿಗೆ ಮೀನು ಬದುಕುತ್ತದೆ, ಗಂಟಲಿನ, ಕಿವಿರಿನ ಗಾಯದೊಂದಿಗೆ ಬದುಕುವುದು ಕಷ್ಟ.

ಪ್ರಶ್ನೆ: ಹಿಡಿದ ಮೀನನ್ನು ಫೋಟೊ ತೆಗೆದು ಬಿಟ್ಟೆ. ಈಜಿಕೊಂಡು ಹೋಯಿತು. ಮರುದಿನ ಸ್ವಲ್ಪ ಕೆಳಗೆ ಅದೇ ಜಾತಿಯ, ಅಷ್ಟೇ ದೊಡ್ಡ ಮೀನು ಸತ್ತು ತೇಲುತ್ತಿತ್ತು. ಈಜಿ ಹೋದ ಮೀನು ಸಾಯುವುದುಂಟೇ?
*– ಕಾಲೇಜು ವಿದ್ಯಾರ್ಥಿ, ಮುಳ್ಳೇರಿಯ*

ಉತ್ತರ: ಉಂಟು. ನೀವು ಕಂಡದ್ದು ಅದೇ ಮೀನೋ ಅಲ್ಲವೋ ಹೇಳಲಾಗದು. ಆದರೆ ಕೆನಡಾದಲ್ಲಿ ಫರ್ಗುಸನ್ ಮತ್ತು ಟಫ್ಟ್ಸ್ ಮಳೆಬಿಲ್ಲು ಟ್ರೌಟ್‌ಗಳ ಮೇಲೆ ನಡೆಸಿ 1992ರಲ್ಲಿ ಪ್ರಕಟಿಸಿದ ಪ್ರಯೋಗವನ್ನು ಗಾಳ ಹಿಡಿಯುವ ಪ್ರತಿಯೊಬ್ಬರೂ ತಿಳಿದಿರಬೇಕು. ಮೀನುಗಳನ್ನು ಪೂರ್ತಿ ದಣಿಯುವ ತನಕ ಓಡಾಡಿಸಿ, 12 ಗಂಟೆ ಕಾದು ನೋಡಿದರು. ನೀರಿನಿಂದ ಎತ್ತದೆ ಬಿಟ್ಟವುಗಳಲ್ಲಿ ಶೇ 12 ಸತ್ತವು. 30 ಸೆಕೆಂಡು ಗಾಳಿಯಲ್ಲಿ ಹಿಡಿದವುಗಳಲ್ಲಿ ಶೇ 38, ಒಂದು ನಿಮಿಷ ಹಿಡಿದವುಗಳಲ್ಲಿ ಶೇ 72. ಎಲ್ಲ ಜಾತಿಯ ಮೀನಿಗೂ ಇದೇ ಲೆಕ್ಕ ಅನ್ವಯಿಸದು, ಟ್ರೌಟ್ ಬಹಳ ನಾಜೂಕಿನದು. ಆದರೆ ಕಾರಣ ಎಲ್ಲ ಮೀನಿಗೂ ಒಂದೇ: ನೀರಿನಿಂದ ಹೊರಬಂದೊಡನೆ ಕಿವಿರಿನ ತೆಳುವಾದ ಎಸಳುಗಳು ಒಂದಕ್ಕೊಂದು ಅಂಟಿಕೊಂಡು ಉಸಿರು ಕಟ್ಟುತ್ತದೆ. ಅದೂ ಸೆಣಸಿ ದಣಿದು, ಉಸಿರು ಅತಿ ಹೆಚ್ಚು ಬೇಕಾದ ಗಳಿಗೆಯಲ್ಲಿ.

ಆದ್ದರಿಂದ ಬಿಡುವ ಕೆಲಸ ಶುರುವಾಗುವುದು ಮನೆಯಲ್ಲಿ, ಗಾಳ ಕಟ್ಟುವಾಗಲೇ. ಗಾಳದ ಮೊನೆಯ ಹಿಂದಿರುವ ಹಿಮ್ಮುಖ ಮುಳ್ಳನ್ನು ಇಕ್ಕಳದಿಂದ ಅದುಮಿ ಮಟ್ಟ ಮಾಡಿ. ಮೂರು ಮೊನೆಯ ಗಾಳ ಬೇಡ, ಒಂಟಿ ಮೊನೆಯದು ಸಾಕು. ದಾರ ತೀರ ತೆಳುವಾಗಿದ್ದರೆ ಮೀನನ್ನು ಬಹಳ ಹೊತ್ತು ಆಡಿಸಬೇಕಾಗುತ್ತದೆ. ಗಟ್ಟಿ ದಾರ ಕಟ್ಟಿ ಬೇಗ ದಡ ಸೇರಿಸಿ.

ಮುಟ್ಟುವ ಮೊದಲು ಕೈಯನ್ನು ಹೊಳೆ ನೀರಿನಲ್ಲಿ ಚೆನ್ನಾಗಿ ಒದ್ದೆ ಮಾಡಿಕೊಳ್ಳಿ. ಮೀನಿನ ಮೈಯ ಲೋಳೆ ಅದಕ್ಕೆ ಸೋಂಕಿನಿಂದ ರಕ್ಷಣೆ. ಒಣ ಕೈ, ತೋರ್ತು, ಬಿಸಿ ಬಂಡೆ, ಮರಳು ಇವೆಲ್ಲ ಅದನ್ನು ಉಜ್ಜಿ ತೆಗೆಯುತ್ತವೆ. ಬಲೆಬುಟ್ಟಿ ಇದ್ದರೆ ಗಂಟಿಲ್ಲದ ರಬ್ಬರಿನದಿರಲಿ. ಒಂದು ಕೈ ಬಾಲದ ಬುಡದಲ್ಲಿ, ಇನ್ನೊಂದು ಎದೆಯ ಕೆಳಗೆ. ಹೊಟ್ಟೆ ಹಿಂಡಬೇಡಿ, ಕಿವಿರಿಗೆ ಬೆರಳು ತೂರಿಸಬೇಡಿ, ದವಡೆ ಹಿಡಿದು ನೇತಾಡಿಸಬೇಡಿ. ಮೀನು ನೀರೊಳಗಿರುವಾಗಲೇ ಗಾಳ ಬಿಡಿಸಿ. ಗಂಟಲಿಗಿಳಿದಿದ್ದರೆ ಎಳೆಯದೆ, ಬಾಯಿಯ ಹತ್ತಿರ ದಾರ ಕತ್ತರಿಸಿ.

ಫೋಟೊ ಬೇಕೇಬೇಕೆಂದಿದ್ದರೆ ಗೆಳೆಯ ಫೋನ್ ಹಿಡಿದು ಸಿದ್ಧನಾದ ಮೇಲಷ್ಟೇ ಮೀನನ್ನು ಎತ್ತಿ, ಮೈಯಿಂದ ನೀರು ತೊಟ್ಟಿಕ್ಕುತ್ತಿರುವಾಗಲೇ ಇಳಿಸಿ. ನೀರಿನಲ್ಲೇ ಇಟ್ಟು ತೆಗೆದ ಚಿತ್ರ ಇನ್ನೂ ಒಳ್ಳೆಯದು. ಬಿಡುವಾಗ ಎಸೆಯಬೇಡಿ. ಮೆಲ್ಲನೆ ಹರಿಯುವಲ್ಲಿ ತಲೆಯನ್ನು ಹರಿವಿಗೆ ಎದುರಾಗಿಟ್ಟು, ನೆಟ್ಟಗೆ ನಿಲ್ಲುವಂತೆ ಆಧಾರ ಕೊಡಿ. ಅದು ಬಾಲ ಬೀಸಿ ತಾನಾಗಿ ಕೈಯಿಂದ ಹೊರಡಬೇಕು.

ಪ್ರಶ್ನೆ: ತಿನ್ನುವುದಿಲ್ಲವಾದರೆ ಹಿಂಸೆ ಕೊಡುವುದೇಕೆ? ಸುಳ್ಯದ ತೊಡಿಕಾನದಲ್ಲಿ ನಾವು ದೇವರ ಮೀನಿಗೆ ಅಕ್ಕಿ ಹಾಕಿ ಕೈಮುಗಿದು ಬರುತ್ತೇವೆ. ಅದು ಸಾಲದೇ?
*– ಅಧ್ಯಾಪಿಕೆ, ಪೆರ್ಲ*

ಉತ್ತರ: ನಿಮ್ಮ ಪ್ರಶ್ನೆ ನ್ಯಾಯವಾದದ್ದು. ಸ್ವಿಟ್ಜರ್‌ಲ್ಯಾಂಡಿನ ಪ್ರಾಣಿ ರಕ್ಷಣಾ ನಿಯಮ ಕೂಡ, ಬಿಡಬೇಕೆಂದೇ ಮೀನು ಹಿಡಿಯುವುದನ್ನು ಒಪ್ಪುವುದಿಲ್ಲ. ಗಾಳ ಮೀನಿಗೆ ಸಂಕಟವೇ, ಅದರಲ್ಲಿ ಅನುಮಾನವಿಲ್ಲ. ತೊಡಿಕಾನ, ಶಿಶಿಲ, ಶೃಂಗೇರಿಗಳಲ್ಲಿ ಜನರ ಭಕ್ತಿ ಕಾಪಾಡಿದಷ್ಟು ಮಹಶೀರ್ ಮೀನುಗಳನ್ನು ಕಾನೂನು ಕಾಪಾಡಿದ್ದು ಕಡಿಮೆ. ಅಂಥ ಮಡುಗಳ ಹತ್ತಿರ ಯಾವ ಗಾಳವೂ ಸುಳಿಯಬಾರದು.

ಆದರೆ ದೇವಸ್ಥಾನದ ಮೆಟ್ಟಿಲಿಲ್ಲದ ನೀರನ್ನು ಕಾಯುವವರಾರು? ಕಾವೇರಿಯ ಭೀಮೇಶ್ವರಿ, ಗಾಲಿಬೋರೆ, ದೊಡ್ಡಮಾಕಳಿಗಳಲ್ಲಿ ಹಿಡಿದು ಬಿಡುವ ಶಿಬಿರಗಳು ನಡೆಯುತ್ತಿದ್ದ ವರ್ಷಗಳಲ್ಲಿ, ಹಿಂದೆ ಸಿಡಿಮದ್ದು ಹಾಕಿ ಮೀನು ಕೊಲ್ಲುತ್ತಿದ್ದ ಸ್ಥಳೀಯರೇ ಕಾವಲುಗಾರರೂ ಮಾರ್ಗದರ್ಶಿಗಳೂ ಆಗಿ ಸಂಬಳ ಪಡೆದರು. ಜೀವಂತ ಮೀನು ಅವರ ಮನೆ ನಡೆಸಿತು. ಗಾಲಿಬೋರೆಯಲ್ಲಿ 1998ರಿಂದ 2012ರ ವರೆಗೆ ಬರೆದಿಟ್ಟ ಹಿಡಿತದ ಲೆಕ್ಕವೇ ಮುಂದೆ ವಿಜ್ಞಾನಿಗಳಿಗೆ ಆ ಹೊಳೆಯ ಮಹಶೀರ್‌ಗಳ ಏರಿಳಿತ ತಿಳಿಸಿದ ದಾಖಲೆಯಾಯಿತು. ಸಂಕಟ ಕೊಡುವವನು ಅದನ್ನು ಅತ್ಯಂತ ಕಡಿಮೆ ಮಾಡಬೇಕು, ಮತ್ತು ಆ ಹೊಳೆಗೆ ಕಾವಲಾಗಿ ನಿಲ್ಲಬೇಕು. ಇವೆರಡನ್ನೂ ಮಾಡದವನು ಗಾಳ ಹಿಡಿಯದಿರುವುದೇ ಸರಿ. ಈ ಮಾತಿನಲ್ಲಿ ನಾನು ನಿಮ್ಮ ಪಕ್ಷ.

ಪ್ರಶ್ನೆ: ನಮ್ಮ ಹೊಳೆಯಲ್ಲಿ ಮೀನು ಕಡಿಮೆಯಾಗಿದೆ. ಗೆಳೆಯರೆಲ್ಲ ಸೇರಿ ಹೊರಗಿನಿಂದ ಮರಿ ತಂದು ಬಿಡೋಣವೆಂದಿದ್ದೇವೆ. ತೊಟ್ಟಿಯಲ್ಲಿ ಸಾಕಿದ ಆಫ್ರಿಕನ್ ಮುಗುಡು ಕೂಡ ಇದೆ. ಬಿಡಬಹುದೇ?
*– ಯುವಕ ಸಂಘದ ಸದಸ್ಯ, ಕುಂಬ್ಡಾಜೆ*

ಉತ್ತರ: ದಯವಿಟ್ಟು ಬೇಡ. ಆಫ್ರಿಕನ್ ಮುಗುಡನ್ನು ಸಾಕುವುದೇ ದೇಶದಲ್ಲಿ ನಿಷಿದ್ಧ. ಹೊಳೆಗೆ ಬಿದ್ದರೆ ಅದು ಸಿಕ್ಕಿದ್ದೆಲ್ಲವನ್ನೂ ತಿನ್ನುತ್ತದೆ.

ಒಳ್ಳೆಯ ಮೀನನ್ನು ಒಳ್ಳೆಯ ಉದ್ದೇಶದಿಂದ ಬಿಟ್ಟರೂ ಕೇಡಾಗಬಹುದು ಎನ್ನಲು ಕಾವೇರಿಯೇ ಸಾಕ್ಷಿ. ಅಲ್ಲಿನ ಮೂಲ ಮೀನು ಬೆನ್ನುಗೂನಿನ ಮಹಶೀರ್. ಮೈಸೂರಿನ ಜೆ. ಡಿ ವೆಟ್ ವಾನ್ ಇಂಗೆನ್ 1946ರಲ್ಲಿ ಕಬಿನಿಯಲ್ಲಿ ಹಿಡಿದ 120 ಪೌಂಡಿನ, ಅಂದರೆ ಸುಮಾರು 54 ಕಿಲೋದ ಮೀನು ಇಂದಿಗೂ ಪ್ರಸಿದ್ಧ. ಕಳೆದ ಶತಮಾನದ ಕೊನೆಯ ದಶಕಗಳಲ್ಲಿ ಲೋನಾವಳದಲ್ಲಿ ಮರಿ ಮಾಡಿದ ಇನ್ನೊಂದು ಜಾತಿಯ, ನೀಲಿ ರೆಕ್ಕೆಯ ಮಹಶೀರನ್ನು ಕಾವೇರಿಗೆ ಬಿಟ್ಟರು. ಅದು ಹೆಚ್ಚುತ್ತ ಹೋದಂತೆ ಮೂಲದ್ದು ಕುಗ್ಗಿತು. ಈ ಬೆನ್ನುಗೂನಿನ ಮೀನು 'ಟಾರ್ ರೆಮಾದೇವಿ' ಎಂಬ ಜಾತಿಯದೆಂದು ವಿಜ್ಞಾನಿಗಳು ಗುರುತಿಸಿದ್ದು 2018ರಲ್ಲಿ. ಅದೇ ವರ್ಷ ಅದು ಅಳಿವಿನ ಅಂಚಿನಲ್ಲಿರುವ ಜೀವಿಗಳ ಪಟ್ಟಿಗೂ ಸೇರಿತು. ನಿಮ್ಮ ಸಂಘದ ಶ್ರಮವನ್ನು ಹೊಳೆಯಲ್ಲಿ ಈಗಿರುವ ಮೀನು ಉಳಿಸುವುದಕ್ಕೆ ಮೀಸಲಿಡಿ.

ಪ್ರಶ್ನೆ: ನಾನು ಗಾಳ ಹಾಕುವವನಲ್ಲ, ಅಡಿಕೆ ಕೃಷಿಕ. ಹೊಳೆಯ ಮೀನಿಗೆ ನನ್ನಿಂದ ಏನು ಉಪಕಾರವಾದೀತು?
*– ಕೃಷಿಕ, ಏತಡ್ಕ*

ಉತ್ತರ: ಗಾಳ ಹಾಕುವವರೆಲ್ಲರಿಗಿಂತ ನಿಮ್ಮ ಕೈಯಲ್ಲಿ ಹೆಚ್ಚಿದೆ. ಕೊಳೆರೋಗಕ್ಕೆ ಮದ್ದು ಬಿಡುವ ಬೋರ್ಡೋ ದ್ರಾವಣದಲ್ಲಿ 100 ಲೀಟರ್ ನೀರಿಗೆ ಒಂದು ಕಿಲೋ ಮೈಲುತುತ್ತು ಇರುತ್ತದೆ. ತಾಮ್ರ ಅತ್ಯಲ್ಪ ಪ್ರಮಾಣದಲ್ಲೂ ಮೀನಿನ ಕಿವಿರನ್ನು ಕೆಡಿಸುತ್ತದೆ. ಮದ್ದು ಕಲಸಿದ ಡ್ರಮ್ಮು, ಪಂಪು, ಪೈಪುಗಳನ್ನು ತೋಡಿನಲ್ಲಿ ತೊಳೆಯಬೇಡಿ, ಉಳಿದ ಮದ್ದನ್ನು ಅಲ್ಲಿಗೆ ಚೆಲ್ಲಬೇಡಿ. ತೊಳೆದ ನೀರು ತೋಟದ ಮಣ್ಣಿಗೇ ಹೋಗಲಿ.

ನೀವು ಮದ್ದು ಬಿಡುವ ಮಳೆಗಾಲದ ಆರಂಭದಲ್ಲೇ ಮೊಟ್ಟೆ ತುಂಬಿದ ಮೀನುಗಳು ಹೊಳೆಯಿಂದ ತೋಡಿಗೆ, ತೋಡಿನಿಂದ ಗದ್ದೆಗೆ ಹತ್ತಿ ಬರುತ್ತವೆ. ಆಗ ಕತ್ತಿ, ಕೂಳಿ ಹಿಡಿದು ಕಾಯುವವರನ್ನು ತಡೆಯಿರಿ. ಮೀನಿನ ದಾರಿಗೆ ಅಡ್ಡ ಕಟ್ಟುವುದು, ವಿಷ, ವಿದ್ಯುತ್, ಸಿಡಿಮದ್ದು ಬಳಸುವುದು ಕೇರಳದ 2010ರ ಒಳನಾಡು ಮೀನುಗಾರಿಕೆ ಕಾಯ್ದೆಯಡಿ ಅಪರಾಧ. ಇನ್ನು ಬೇಸಗೆಗೆ ನಿಮ್ಮೂರಿನವರು ಹೊಳೆಗೆ ಹಾಕುವ ಕಟ್ಟಗಳು ತೋಟಕ್ಕಷ್ಟೇ ನೀರುಣಿಸುವುದಿಲ್ಲ, ಬತ್ತುವ ತಿಂಗಳುಗಳಲ್ಲಿ ಮೀನಿಗೂ ನೆಲೆ ಕೊಡುತ್ತವೆ. ಆ ಕಾಲದಲ್ಲಿ ನೀರು ಕಾದು ಉಸಿರು ಕಡಿಮೆಯಾಗಿರುತ್ತದೆ, ಹಿಡಿದು ಬಿಟ್ಟ ಮೀನು ಚೇತರಿಸಿಕೊಳ್ಳುವುದು ಕಷ್ಟ. ಮಾರ್ಚ್‌ನಿಂದ ಮಳೆ ಹಿಡಿಯುವ ತನಕ ಕಟ್ಟದ ನೀರಿನಲ್ಲಿ ಗಾಳವೇ ಬೇಡವೆಂದು ಕಟ್ಟ ಹಾಕುವ ದಿನವೇ ಎಲ್ಲರೂ ಸೇರಿ ತೀರ್ಮಾನ ಮಾಡಿ. ಗಾಳ ಹಿಡಿದ ನಮ್ಮಂಥವರು ಆ ತೀರ್ಮಾನಕ್ಕೆ ತಲೆಬಾಗುತ್ತೇವೆ.