ಮಗು ಹಿಂದಿನ ಸೀಟಿಗೆ, ಕೀ ಎಲ್ಲಿಗೆ?

ಕಾರು ಕಳ್ಳತನ ಅಂದ ತಕ್ಷಣ ನಮ್ಮ ಇ ಅಂಡ್ ಸಿ ಬಳಗಕ್ಕೆ ಜ್ಯಾಮರ್, ಆಂಟೆನಾ, ಲ್ಯಾಪ್‌ಟಾಪ್ ಹಿಡಿದ ಕಳ್ಳ, ಇವೇ ಕಣ್ಣ ಮುಂದೆ ಬರುತ್ತವೆ. ಆದರೆ ಯಾವ ಉಪಕರಣವೂ ಇಲ್ಲದೆ ಕಾರು ಬೇರೆಯವರ ಕೈಗೆ ಸಿಗುವ ಒಂದು ಹೊತ್ತಿದೆ. ಯಾರೋ ಒಬ್ಬರು ಪುಟ್ಟ ಮಗುವನ್ನು ಹಿಂದಿನ ಸೀಟಿನಲ್ಲಿ ಕೂರಿಸಿ ಬೆಲ್ಟ್ ಹಾಕುತ್ತಿರುವ ಆ ಎರಡು ನಿಮಿಷ. ಬಾಗಿಲು ತೆರೆದಿದೆ, ಕೀ ಹತ್ತಿರವೇ ಇದೆ, ಕೈ ಎರಡೂ ಬಿಡುವಿಲ್ಲ. ಬೀಗದ ಎಂಜಿನಿಯರಿಂಗ್ ಎಷ್ಟೇ ಚೆನ್ನಾಗಿದ್ದರೂ ಆ ಹೊತ್ತಿನಲ್ಲಿ ಅದು ಕೆಲಸಕ್ಕೆ ಬರುವುದಿಲ್ಲ. ಯಾಕೆ ಅನ್ನೋದೇ ಈ ಲೇಖನ.

ಹಾಸ್ಟೆಲ್‌ನಲ್ಲಿರೋ ನಮಗೆ ಇದೆಲ್ಲ ಯಾಕಪ್ಪಾ ಅನ್ನಬಹುದು. ರಜೆಗೆ ಊರಿಗೆ ಹೋದಾಗ ಅಕ್ಕನ ಮಗೂನ ಡಾಕ್ಟರ್ ಹತ್ರ ಕರ್ಕೊಂಡು ಹೋಗೋ ಕೆಲಸ ಬೀಳೋದು ಹೊಸದಾಗಿ ಲೈಸೆನ್ಸ್ ಮಾಡಿಸಿದ ನಮ್ಮ ಮೇಲೇ ತಾನೆ?

ಮೊದಲು ಕಾರಿನ ಸುತ್ತ ಯಾರು ಎಲ್ಲಿ ನಿಂತಿರುತ್ತಾರೆ ನೋಡೋಣ. ನಮ್ಮಲ್ಲಿ ವಾಹನಗಳು ರಸ್ತೆಯ ಎಡಬದಿಯಲ್ಲಿ ನಿಲ್ಲುತ್ತವೆ. ಆದ್ದರಿಂದ ಮಗುವಿನ ಸೀಟನ್ನು ಹಿಂದಿನ ಎಡಭಾಗದಲ್ಲಿ, ಅಂದರೆ ಫುಟ್‌ಪಾತ್ ಕಡೆ, ಇಡುವುದು ಸರಿ. ಈಗ ನೀವು ಎಡಗಡೆ ನಿಂತು, ಬಗ್ಗಿ, ತಲೆಯನ್ನು ಚಾವಣಿಯ ಕೆಳಗೆ ತೂರಿಸಿದ್ದೀರಿ. ಮಗು ಬೆನ್ನು ಬಿಲ್ಲಿನಂತೆ ಬಗ್ಗಿಸಿ ಬೆಲ್ಟ್ ಬೇಡ ಅಂತ ರಂಪ ಮಾಡುತ್ತಿದೆ. ಡ್ರೈವರ್ ಬಾಗಿಲು ಇರುವುದು ಆಚೆ ಬದಿಯಲ್ಲಿ, ರಸ್ತೆಯ ಕಡೆ. ರಿಮೋಟ್ ಒಂದು ಸಲ ಒತ್ತಿದರೆ ನಾಲ್ಕೂ ಬಾಗಿಲು ತೆರೆಯುವ ಕಾರಾದರೆ ಆ ಬಾಗಿಲೂ ತೆರೆದೇ ಇದೆ. ಮುಂದಿನ ಸೀಟಿನ ಮೇಲೆ ನಿಮ್ಮ ಬ್ಯಾಗ್, ಫೋನ್. ಬೆಂಗಳೂರಿನ ಪತ್ರಿಕೆಗಳಲ್ಲಿ 'ಗಮನ ಬೇರೆಡೆ ಸೆಳೆದು ಕಳವು' ಅಂತ ಪದೇ ಪದೇ ಬರುವ ಸುದ್ದಿ ನೆನಪಿದೆಯಲ್ಲ? ಒಬ್ಬ ಬಂದು 'ಸಾರ್, ಆಯಿಲ್ ಲೀಕ್ ಆಗ್ತಿದೆ' ಅಂತಾನೆ, ಇಲ್ಲವೇ ನೆಲದ ಮೇಲೆ ನೋಟು ಚೆಲ್ಲಿ ತೋರಿಸ್ತಾನೆ, ಇನ್ನೊಬ್ಬ ಆಚೆ ಬಾಗಿಲಿಂದ ಬ್ಯಾಗ್ ಎತ್ತುತ್ತಾನೆ. ಮಗು ಜೊತೆಗಿದ್ದರೆ ಅವರಿಗೆ ಆ ನಾಟಕವೂ ಬೇಕಿಲ್ಲ.

ಬ್ಯಾಗ್ ಹೋದರೆ ಹೋಗಲಿ ಬಿಡಿ. ದೊಡ್ಡ ಭಯ ಬೇರೆ.

ಪುಶ್ ಬಟನ್ ಸ್ಟಾರ್ಟ್ ಇರುವ ಕಾರು ತೆಗೆದುಕೊಳ್ಳಿ. ಕಾರಿನ ಆಂಟೆನಾಗಳು ಸುಮಾರು 125 ಕಿಲೋಹರ್ಟ್ಸ್‌ನಲ್ಲಿ 'ಇದ್ದೀಯಾ?' ಅಂತ ಕೂಗುತ್ತವೆ. ಈ ಕೂಗು ಕೇಳಿಸುವುದು ಒಂದೆರಡು ಮೀಟರ್ ದೂರಕ್ಕೆ ಮಾತ್ರ. ಕೇಳಿಸಿಕೊಂಡ ಕೀ ಇನ್ನೂ ಹೆಚ್ಚಿನ ಆವರ್ತನದಲ್ಲಿ, 433 ಮೆಗಾಹರ್ಟ್ಸ್ ಆಸುಪಾಸಿನಲ್ಲಿ, 'ಇದ್ದೀನಿ' ಅಂತ ಗುಪ್ತಲಿಪಿಯಲ್ಲಿ ಉತ್ತರಿಸುತ್ತದೆ. 2011ರಲ್ಲಿ ಸ್ವಿಟ್ಜರ್ಲೆಂಡಿನ ಇ.ಟಿ.ಎಚ್. ಜ್ಯೂರಿಕ್‌ನ ಸಂಶೋಧಕರು ಎಂಟು ಕಂಪನಿಗಳ ಹತ್ತು ಮಾದರಿಯ ಕಾರುಗಳನ್ನು ಪರೀಕ್ಷಿಸಿ, ಈ ಮಾತುಕತೆಯನ್ನು ರಿಲೇ ಮಾಡಿ ದೂರದ ಕೀಯನ್ನು ಹತ್ತಿರವಿದೆ ಎಂದು ನಂಬಿಸಬಹುದು ಅಂತ ತೋರಿಸಿದರು. ಹತ್ತೂ ಕಾರುಗಳು ನಂಬಿದವು! ಆಮೇಲೆ ಪರಿಹಾರಗಳು ಬಂದವು. ಕೀ ಅಲುಗಾಡದೆ ಬಿದ್ದಿದ್ದರೆ ನಿದ್ದೆಗೆ ಜಾರುವ ಚಲನೆಯ ಸೆನ್ಸರ್ ಬಂತು. ಸಿಗ್ನಲ್‌ನ ಬಲದ ಬದಲು ಅದು ಹೋಗಿ ಬರುವ ಸಮಯವನ್ನೇ ಅಳೆಯುವ ಅಲ್ಟ್ರಾ ವೈಡ್‌ಬ್ಯಾಂಡ್ ಬಂತು. ಒಂದು ನ್ಯಾನೋ ಸೆಕೆಂಡಿನಲ್ಲಿ ಬೆಳಕು ಸುಮಾರು 30 ಸೆಂಟಿಮೀಟರ್ ಸಾಗುತ್ತದೆ, ಅದಕ್ಕಿಂತ ವೇಗವಾಗಿ ಯಾವ ರಿಲೇಯೂ ಸುಳ್ಳು ಹೇಳಲಾರದು. ಸೊಗಸಾದ ಐಡಿಯಾ.

ಆದರೆ ನಮ್ಮ ಎರಡು ನಿಮಿಷದಲ್ಲಿ ಇದೆಲ್ಲ ವ್ಯರ್ಥ. ಕೀ ನಿಜವಾಗಿಯೂ ಹತ್ತಿರವೇ ಇದೆ. ನಿಮ್ಮ ಜೇಬಿನಲ್ಲಿ ಅಲುಗಾಡುತ್ತಲೂ ಇದೆ. ನೀವು ಒಳಗೆ ಬಗ್ಗಿದಾಗ, ಅದರಲ್ಲೂ ಸೀಟಿನ ಮೇಲೆ ಮಂಡಿ ಊರಿದಾಗ, ಜೇಬಿನ ಕೀ ಕ್ಯಾಬಿನ್ ಒಳಗೇ ಬಂದ ಹಾಗೆ. ಕೀ ಒಳಗಿದೆಯೇ ಅಂತ ಕಾರು ಕೇಳುತ್ತದೆಯೇ ಹೊರತು ಬಟನ್ ಒತ್ತಿದ ಬೆರಳು ಯಾರದ್ದು ಅಂತ ಕೇಳುವುದಿಲ್ಲ. ಯಾರಾದರೂ ಡ್ರೈವರ್ ಸೀಟಿಗೆ ಜಾರಿ ಬ್ರೇಕ್ ತುಳಿದು ಬಟನ್ ಒತ್ತಿದರೆ ಎಂಜಿನ್ ಶುರು.

ಇನ್ನು ಎ.ಸಿ. ತಣ್ಣಗಾಗಲಿ ಅಂತ ಮೊದಲೇ ಎಂಜಿನ್ ಹಾಕಿಟ್ಟಿದ್ದರೆ ಅವನಿಗೆ ಅಷ್ಟು ಕಷ್ಟವೂ ಇಲ್ಲ. ಓಡುತ್ತಿರುವ ಎಂಜಿನ್ ಕೀ ದೂರ ಹೋಯಿತು ಅಂತ ನಿಲ್ಲುವುದಿಲ್ಲ. ಬೀಪ್ ಅನ್ನುತ್ತದೆ, ಡ್ಯಾಶ್‌ಬೋರ್ಡ್‌ನಲ್ಲಿ ಎಚ್ಚರಿಕೆ ತೋರಿಸುತ್ತದೆ, ಅಷ್ಟೆ. ಇದು ದೋಷವಲ್ಲ. ಹೆದ್ದಾರಿಯಲ್ಲಿ 80ರ ವೇಗದಲ್ಲಿ ಹೋಗುವಾಗ ಕೀಯ ಬ್ಯಾಟರಿ ಸತ್ತು ಎಂಜಿನ್ ಆಫ್ ಆದರೆ ಏನು ಗತಿ ಅಂತ ಯೋಚಿಸಿಯೇ ಹಾಗೆ ಮಾಡಿದ್ದಾರೆ. ಸರಿಯಾದ ನಿರ್ಧಾರವೇ. ಆದರೆ ಅದರ ಬೆಲೆ ತೆರುವ ಜಾಗ ಇದು: ಕೀ ನಿಮ್ಮ ಜೇಬಿನಲ್ಲಿ, ಕಾರು ಮತ್ತು ಮಗು ಮುಂದಿನ ಸಿಗ್ನಲ್‌ನಲ್ಲಿ. ಅಂದಹಾಗೆ, ಸಾರ್ವಜನಿಕ ಸ್ಥಳದಲ್ಲಿ ಲೈಸೆನ್ಸ್ ಇರುವವರು ಚಾಲಕನ ಸೀಟಿನಲ್ಲಿ ಇಲ್ಲದೆ ಎಂಜಿನ್ ಚಾಲೂ ಇಟ್ಟು ವಾಹನ ನಿಲ್ಲಿಸುವಂತಿಲ್ಲ ಅಂತ ಮೋಟಾರು ವಾಹನ ಕಾಯ್ದೆಯ 126ನೇ ಸೆಕ್ಷನ್ ಹೇಳುತ್ತದೆ.

1992ರ ಸೆಪ್ಟೆಂಬರ್‌ನಲ್ಲಿ ಅಮೆರಿಕದ ಮೇರಿಲ್ಯಾಂಡ್ ರಾಜ್ಯದಲ್ಲಿ ಭಾರತೀಯ ಮೂಲದ ತಾಯಿಯೊಬ್ಬರು 22 ತಿಂಗಳ ಮಗಳನ್ನು ಶಿಶುವಿಹಾರಕ್ಕೆ ಕರೆದೊಯ್ಯುತ್ತಿದ್ದರು. ಮನೆಯ ಹತ್ತಿರವೇ ಸ್ಟಾಪ್ ಫಲಕದ ಬಳಿ ಇಬ್ಬರು ಅವರನ್ನು ಹೊರಗೆಳೆದು ಕಾರು ಕಸಿದುಕೊಂಡರು. ತಾಯಿಯ ಕೈ ಸೀಟ್ ಬೆಲ್ಟ್‌ಗೆ ಸಿಕ್ಕಿಕೊಂಡಿತ್ತು. ಕಾರು ಅವರನ್ನು ಎಳೆದುಕೊಂಡೇ ಹೋಯಿತು. ಅವರು ಬದುಕಲಿಲ್ಲ. ಮಗುವನ್ನು ಸೀಟಿನ ಸಮೇತ ರಸ್ತೆಗೆ ಎಸೆದರು, ಅದು ಉಳಿಯಿತು. ಅದೇ ವರ್ಷ ಅಲ್ಲಿ ಕಾರು ಕಸಿಯುವುದು ಫೆಡರಲ್ ಅಪರಾಧವಾಯಿತು. ಒಳಗೆ ಮಗು ಇರುವಾಗ ಕಾರು ಬರೀ ಆಸ್ತಿಯಲ್ಲ, ಹೆತ್ತವರು ಅದನ್ನು ಬಿಟ್ಟು ಹಿಂದೆ ಸರಿಯಲಾರರು. ಅದಕ್ಕೇ ಅಲ್ಲಿಯವರೆಗೂ ವಿಷಯ ಹೋಗದ ಹಾಗೆ ನೋಡಿಕೊಳ್ಳಬೇಕು.

ಹಾಗಾದರೆ ಎಲ್ಲ ಲಾಕ್ ಮಾಡಿಬಿಡೋಣ ಅಂತೀರಾ? ಅಲ್ಲೇ ಇನ್ನೊಂದು ಹಳ್ಳ ಇದೆ. ಅಳು ನಿಲ್ಲಿಸಲು ಮಗುವಿನ ಕೈಗೆ ಕೀ ಕೊಡುತ್ತೇವೆ. ಹಿಂದಿನ ಬಾಗಿಲು ಹಾಕಿ, ಬಾನೆಟ್ ಸುತ್ತಿ ಡ್ರೈವರ್ ಬಾಗಿಲಿಗೆ ಬರಲು ಐದಾರು ಸೆಕೆಂಡ್ ಸಾಕು. ಅಷ್ಟರಲ್ಲಿ ಪುಟ್ಟ ಬೆರಳು ಲಾಕ್ ಬಟನ್ ಒತ್ತಿಯಾಯಿತು. ಕೀ ಒಳಗಿದ್ದರೆ ಲಾಕ್ ಆಗಬಾರದು ಅನ್ನೋ ವ್ಯವಸ್ಥೆ ಹಲವು ಕಾರುಗಳಲ್ಲಿ ಇದೆ, ಆದರೆ ಅದನ್ನು ನಂಬಿ ಕೂರಬೇಡಿ. ಕೀ ಲ್ಯಾಪ್‌ಟಾಪ್ ಕೆಳಗೋ ಸ್ಟೀಲ್ ಡಬ್ಬಿಯ ಹಿಂದೋ ಬಿದ್ದಿದ್ದರೆ ಆಂಟೆನಾಗೆ ಅದು ಕಾಣದೇ ಹೋಗಬಹುದು. ನಿಂತ ಕಾರಿನ ಒಳಗಿನ ಬಿಸಿ ಒಂದು ಗಂಟೆಯಲ್ಲಿ ಹೊರಗಿಗಿಂತ ಸುಮಾರು 22 ಡಿಗ್ರಿ ಸೆಲ್ಸಿಯಸ್ ಏರಬಲ್ಲದು, ಅದರಲ್ಲಿ ಶೇಕಡ 80ರಷ್ಟು ಏರುವುದು ಮೊದಲ ಅರ್ಧ ಗಂಟೆಯಲ್ಲೇ. ಮಗುವಿನ ಮೈ ನಮ್ಮದಕ್ಕಿಂತ ಮೂರರಿಂದ ಐದು ಪಟ್ಟು ಬೇಗ ಬಿಸಿಯಾಗುತ್ತದೆ. ಬೀಗದ ವಿನ್ಯಾಸದಲ್ಲಿ ಇದು ಹಳೆಯ ಜಗಳ: ಕೆಟ್ಟಾಗ ತೆರೆದುಕೊಳ್ಳಬೇಕೋ, ಮುಚ್ಚಿಕೊಳ್ಳಬೇಕೋ? ಕಳ್ಳನ ವಿಷಯದಲ್ಲಿ ಒಂದು ಉತ್ತರ, ಮಗುವಿನ ವಿಷಯದಲ್ಲಿ ಇನ್ನೊಂದು. ಎರಡಕ್ಕೂ ಹೊಂದುವ ಮಾತು ಒಂದೇ: ಕೀ ನಿಮ್ಮ ಮೈಮೇಲೆ ಇರಲಿ. ಸೀಟಿನ ಮೇಲಲ್ಲ, ಮಗುವಿನ ಬ್ಯಾಗಿನಲ್ಲಲ್ಲ, ಮಗುವಿನ ಕೈಯಲ್ಲಂತೂ ಬೇಡವೇ ಬೇಡ.

ಅದರ ಮೇಲೆ ಎಂಜಿನ್ ಆಫ್. ಕಾರು ಕಾದಿದ್ದರೆ ಮಗುವನ್ನು ಎತ್ತಿಕೊಂಡೇ ಎರಡೂ ಬದಿಯ ಬಾಗಿಲು ತೆರೆದು ಅರ್ಧ ನಿಮಿಷ ಗಾಳಿ ಆಡಲು ಬಿಡಿ. ಆಮೇಲೆ ಎಡಬದಿಯ ಹಿಂದಿನದೊಂದನ್ನು ಬಿಟ್ಟು ಉಳಿದವನ್ನು ಮುಚ್ಚಿ. ಒಂದು ಬಾಗಿಲು ತೆರೆದಿದ್ದಾಗಲೇ ಮಿಕ್ಕ ಮೂರನ್ನು ಲಾಕ್ ಮಾಡಲು ಕೆಲವು ಕಾರು ಬಿಡುತ್ತವೆ, ಕೆಲವು ಬಿಡುವುದಿಲ್ಲ. ನಿಮ್ಮ ಮನೆಯ ಕಾರು ಏನು ಮಾಡುತ್ತೆ ಅಂತ ಮಗು ಇಲ್ಲದಾಗ ಪ್ರಯೋಗ ಮಾಡಿ ನೋಡಿ; ನಮ್ಮ ಲ್ಯಾಬ್ ಪ್ರಯೋಗಗಳಿಗಿಂತ ಉಪಯೋಗ ಜಾಸ್ತಿ. ಜಾಗವೇ ಸರಿ ಅನ್ನಿಸದಿದ್ದರೆ ಮಗುವಿನ ಜೊತೆ ನೀವೂ ಹಿಂದೆ ಕೂತು, ಬಾಗಿಲು ಹಾಕಿ ಲಾಕ್ ಮಾಡಿ, ಒಳಗಿಂದಲೇ ಬೆಲ್ಟ್ ಹಾಕಿ. ಇಬ್ಬರು ದೊಡ್ಡವರಿದ್ದರೆ ತಕರಾರೇ ಇಲ್ಲ, ಒಬ್ಬರು ಸ್ಟೀರಿಂಗ್ ಹಿಂದೆ ಕೂರಲಿ.

ಸಾಮಾನು ಮೊದಲೋ ಮಗು ಮೊದಲೋ ಅನ್ನೋದಕ್ಕೆ ಒಂದೇ ಉತ್ತರ ಇಲ್ಲ. ಕೈಗೂಸಾದರೆ ಸಾಮಾನು ಮೊದಲು ಡಿಕ್ಕಿಗೆ, ಮಗು ಕೊನೆಗೆ. ಕೈ ಬಿಡಿಸಿಕೊಂಡು ಓಡುವ ವಯಸ್ಸಾದರೆ ಪಾರ್ಕಿಂಗ್‌ನಲ್ಲಿ ರಿವರ್ಸ್ ಬರುವ ಗಾಡಿಗಳೇ ಕಳ್ಳನಿಗಿಂತ ಅಪಾಯ. ಮಗುವನ್ನೇ ಮೊದಲು ಕೂರಿಸಿ. 14 ವರ್ಷದೊಳಗಿನ ಮಕ್ಕಳನ್ನು ಬೆಲ್ಟ್ ಅಥವಾ ಮಕ್ಕಳ ಸೀಟ್ ಇಲ್ಲದೆ ಕರೆದೊಯ್ದರೆ 2019ರ ತಿದ್ದುಪಡಿಯ ಪ್ರಕಾರ 1,000 ರೂಪಾಯಿ ದಂಡ, ಹಾಗಾಗಿ ಅವಸರಕ್ಕೆ ಬೆಲ್ಟ್ ಬಿಡುವ ದಾರಿಯೂ ಇಲ್ಲ. ಒಳಗೆ ಕೂತ ಮೇಲೆ ಮೊದಲು ಲಾಕ್, ಆಮೇಲೆ ಸ್ಟಾರ್ಟ್, ಆಮೇಲೆ ಮ್ಯಾಪ್. ತಾನಾಗಿ ಲಾಕ್ ಆಗುವ ಎಷ್ಟೋ ಕಾರುಗಳು ಗಾಡಿ ವೇಗ ಹಿಡಿದ ಮೇಲಷ್ಟೇ ಆ ಕೆಲಸ ಮಾಡುತ್ತವೆ, ನಿಂತು ಮ್ಯಾಪ್ ನೋಡುವಾಗ ಅಲ್ಲ.

ಅಷ್ಟಾದರೂ ಮಗು ಒಳಗೆ, ಕೀ ಒಳಗೆ ಆಗಿಬಿಟ್ಟರೆ 112ಕ್ಕೆ ಕರೆ ಮಾಡಿ, ಇನ್ನೊಂದು ಕೀ ತರಿಸಿ. ಮಗು ಬಾಡುತ್ತಿದ್ದರೆ ಯಾರಿಗೂ ಕಾಯಬೇಡಿ. ಮುಂದಿನ ಗಾಜು ಪದರ ಅಂಟಿಸಿದ್ದು, ಅದು ಸುಲಭಕ್ಕೆ ಒಡೆಯಲ್ಲ. ಪಕ್ಕದ ಬಾಗಿಲುಗಳದ್ದು ಸಾಮಾನ್ಯವಾಗಿ ಟೆಂಪರ್ಡ್ ಗಾಜು, ಮೂಲೆಗೆ ಹೊಡೆದರೆ ಪುಡಿಪುಡಿ. ಮಗುವಿನಿಂದ ದೂರದ ಮುಂಬಾಗಿಲಿನದ್ದನ್ನೇ ಒಡೆಯಿರಿ. ಹಿಂಬಾಗಿಲಿನ ಗಾಜು ಒಡೆದು ಒಳಗಿನ ಹಿಡಿ ಎಳೆದರೆ ಉಪಯೋಗವಿಲ್ಲ, ಅಲ್ಲಿ ಚೈಲ್ಡ್ ಲಾಕ್ ಹಾಕಿರುತ್ತೀರಲ್ಲ.